ಮೊಳೆ ಹೊಡೆಯುವ ಮೊದಲು ಗೋಡೆ ತಟ್ಟಿ ನೋಡಿ

ಕೇಳಿಸಿಕೊಳ್ಳಿ. ಇದು ಹಾಲ್‌ನ ಗೋಡೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದೇ ಇಲ್ಲ, ನೋಯುವುದು ನನ್ನ ಬೆರಳು. ಈಗ ಬೆಡ್‌ರೂಮಿನ ಅಡ್ಡಗೋಡೆ. ಡಬ್ ಡಬ್. ಒಳಗೆ ಟೊಳ್ಳು ಅಂತ ಗೊತ್ತಾಗುತ್ತದೆ, ಅಲ್ವಾ? ಎರಡಕ್ಕೂ ಒಂದೇ ಬಣ್ಣ ಬಳಿದಿದ್ದಾರೆ. ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಹಾಲ್‌ನಲ್ಲಿ ಜಪ್ಪಯ್ಯ ಅಂದರೂ ಅಲುಗಾಡದ ಸ್ಕ್ರೂ ಇಲ್ಲಿ ಕೈಯಲ್ಲೇ ಕಿತ್ತು ಬರುತ್ತದೆ.

ಇವತ್ತು ಈ ಫ್ಲ್ಯಾಟ್‌ನ ಗೋಡೆಗಳಿಗೆ ಸಾಮಾನು ಏರಿಸುವ ದಿನ. ಒಂದು ಕನ್ನಡಿ, ಪುಸ್ತಕದ ಶೆಲ್ಫ್, ಟಿವಿ, ಒಂದಿಷ್ಟು ಫೋಟೊ ಫ್ರೇಮು. ಕೊನೆಗೆ ಒಂದು ಬೀರು ಕೂಡ ಇದೆ. ಬೀರುವಿಗೂ ಗೋಡೆಗೂ ಏನು ಸಂಬಂಧ ಅಂತ ಆಮೇಲೆ ಹೇಳುತ್ತೇನೆ.

"ಈ ಹುಕ್ ಎಷ್ಟು ಕೆಜಿ ತಡೆಯುತ್ತದೆ?" ಎಲ್ಲರೂ ಮೊದಲು ಕೇಳುವುದು ಇದನ್ನೇ. ನನ್ನ ಪ್ರಕಾರ ಇದು ಮೂರನೇ ಪ್ರಶ್ನೆ. ಮೊದಲನೆಯದು, ಗೋಡೆಯ ಒಳಗೆ ಏನಿದೆ? ಎರಡನೆಯದು, ನಾವು ಹಾಕುವ ವಸ್ತು ಸ್ಕ್ರೂವನ್ನು ಕೆಳಕ್ಕೆ ಎಳೆಯುತ್ತದೋ, ಮುಂದಕ್ಕೆ ಎಳೆಯುತ್ತದೋ? ಈ ಎರಡೂ ಗೊತ್ತಿಲ್ಲದೆ ಪ್ಯಾಕೆಟ್ ಮೇಲಿನ ಕೆಜಿ ಓದಿ ಪ್ರಯೋಜನವಿಲ್ಲ.

ಗೋಡೆ ತಟ್ಟಿದರೆ ಅರ್ಧ ಗೊತ್ತಾಗುತ್ತದೆ. ಉಳಿದರ್ಧ ಹೇಳುವುದು ಡ್ರಿಲ್‌ನಿಂದ ಉದುರುವ ಪುಡಿ. ಅದಕ್ಕೇ ಕನ್ನಡಿಯ ಹಿಂದೆ ಮರೆಯಾಗುವ ಜಾಗದಲ್ಲಿ 4 ಮಿಲಿಮೀಟರ್‌ನ ಒಂದು ಸಣ್ಣ ತೂತು ಹಾಕುತ್ತಿದ್ದೇನೆ. ಹ್ಯಾಮರ್ ಆಫ್. ಬರೀ ತಿರುಗಬೇಕು, ಕುಟ್ಟಬಾರದು. ಮೊದಲ ಒಂದು, ಒಂದೂವರೆ ಸೆಂಟಿಮೀಟರ್ ಬರುವುದು ಪ್ಲಾಸ್ಟರ್ ಪುಡಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದಾದ ಮೇಲೆ ನೋಡಬೇಕು. ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಬೂದು ಪುಡಿ ಬಂದು, ಬಿಟ್ (ಡ್ರಿಲ್‌ನ ಕೊರೆಯುವ ಕಡ್ಡಿ) ಮುಂದೆ ಹೋಗಲು ಒಪ್ಪದೇ ಇದ್ದರೆ ಕಾಂಕ್ರೀಟ್. ಬೂದು ಪುಡಿಯೇ ಬಂದು, ಇನ್ನೆರಡು ಮೂರು ಸೆಂಟಿಮೀಟರ್ ಹೋಗುವಷ್ಟರಲ್ಲಿ ಬಿಟ್ ದಡಕ್ಕನೆ ಒಳಗೆ ನುಗ್ಗಿದರೆ ಹಾಲೋ ಬ್ಲಾಕ್. ಬಿಳಿ ಅಥವಾ ತಿಳಿ ಬೂದು ಪುಡಿ ಯಾವ ತಕರಾರೂ ಇಲ್ಲದೆ ಸುರಿಯುತ್ತಾ ಹೋದರೆ ಎಎಸಿ ಬ್ಲಾಕ್, ಅಂದರೆ ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಕಾಂಕ್ರೀಟ್ ಬ್ಲಾಕ್. ಇನ್ನು ಬಿಳಿ ಪುಡಿ ಚೂರೇ ಚೂರು ಬಂದು, ಒಂದು ಸೆಂಟಿಮೀಟರ್ ಚಿಲ್ಲರೆಗೇ ಬಿಟ್ ಖಾಲಿ ಜಾಗಕ್ಕೆ ಬಿದ್ದರೆ ಅದು ಜಿಪ್ಸಮ್ ಬೋರ್ಡ್.

ಎಎಸಿ ಹತ್ತಿರ ಸ್ವಲ್ಪ ನಿಲ್ಲೋಣ. ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಜನ ಜಾಸ್ತಿ ಏಮಾರುವುದು ಇಲ್ಲೇ. ಸಿಮೆಂಟ್, ಸುಣ್ಣ, ಮರಳು ಅಥವಾ ಹಾರುಬೂದಿ, ಅದರ ಜೊತೆ ಚಿಟಿಕೆಯಷ್ಟು ಅಲ್ಯೂಮಿನಿಯಂ ಪುಡಿ ಸೇರಿಸಿ ಈ ಬ್ಲಾಕ್ ಮಾಡುತ್ತಾರೆ. ಅಲ್ಯೂಮಿನಿಯಂ ಪುಡಿಯಿಂದ ಹೈಡ್ರೋಜನ್ ಗುಳ್ಳೆ ಎದ್ದು ಮಿಶ್ರಣ ಉಬ್ಬುತ್ತದೆ. ಆಮೇಲೆ ಅದನ್ನು ಒತ್ತಡದ ಹಬೆಯಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕೆಜಿ ತೂಗುತ್ತದೆ. ಅಷ್ಟೇ ಎಎಸಿ ಸಾಮಾನ್ಯವಾಗಿ 550ರಿಂದ 650 ಕೆಜಿ. ಒಂದು ಒಣ ತುಂಡನ್ನು ನೀರಿಗೆ ಹಾಕಿದರೆ ತೇಲುತ್ತದೆ! ಕಟ್ಟಡಕ್ಕೆ ಇದು ಒಳ್ಳೆಯದೇ. ಪ್ಲಗ್‌ಗೆ, ಅಂದರೆ ಸ್ಕ್ರೂ ಹಿಡಿದುಕೊಳ್ಳಲು ತೂತಿನೊಳಗೆ ಹಾಕುವ ಕೊಳವೆಗೆ, ಮಾತ್ರ ಕಷ್ಟ. ಸಣ್ಣ ಪ್ಲಗ್ ಹಾಕಿ ಸ್ಕ್ರೂ ಬಿಗಿದರೆ ಅದು ಗೋಡೆಯನ್ನು ಒತ್ತಿ ಹಿಡಿಯುವ ಬದಲು ಸುತ್ತಲಿನ ಗುಳ್ಳೆಗಳನ್ನು ಪುಡಿ ಮಾಡುತ್ತದೆ. ಇವತ್ತು ಬಿಗಿಯಾಗಿದೆ ಅನ್ನಿಸುತ್ತದೆ, ಆರು ತಿಂಗಳಲ್ಲಿ ಸಡಿಲ. ಇದಕ್ಕೆ ಅಗಲ ಸುರುಳಿ ಇರುವ ಎಎಸಿ ಪ್ಲಗ್‌ಗಳೇ ಬೇರೆ ಬರುತ್ತವೆ. ಅವನ್ನೇ ಕೇಳಿ ತನ್ನಿ. ತೂತು ಹಾಕುವಾಗ ಹ್ಯಾಮರ್ ಮುಟ್ಟಲೇಬೇಡಿ. ಕುಟ್ಟಿದರೆ ತೂತು ಅಗಲವಾಗುತ್ತದೆ, ಅಲ್ಲಿಗೆ ಆ ಪ್ಲಗ್ ಕಥೆ ಮುಗಿಯಿತು.

ಇನ್ನು, ಎಲ್ಲಿ ತೂತು ಹಾಕಬಾರದು ಅನ್ನುವುದು. ಈ ಸ್ವಿಚ್‌ಬೋರ್ಡ್ ನೋಡಿ. ಇದರ ನೇರ ಮೇಲೆ, ನೇರ ಕೆಳಗೆ, ಎಡಬಲಕ್ಕೆ ನಾನು ಡ್ರಿಲ್ ಇಡುವುದಿಲ್ಲ. ವೈರಿನ ಪೈಪು ಸಾಮಾನ್ಯವಾಗಿ ಆ ದಾರಿಯಲ್ಲೇ ಬರುತ್ತದೆ. ಗೋಡೆಯ ಆ ಕಡೆ ಏನಿದೆ ಅಂತಲೂ ಹೋಗಿ ನೋಡಿ ಬನ್ನಿ. ಈ ಬೆಡ್‌ರೂಮ್ ಗೋಡೆಯ ಹಿಂದೆ ಬಾತ್‌ರೂಮ್ ಇದೆ, ನಲ್ಲಿ ಇರುವ ಮಟ್ಟದಲ್ಲಿ ನೀರಿನ ಪೈಪು ಹಾದುಹೋಗಿರುತ್ತದೆ. ಅಡ್ಡಗೋಡೆ ಎಷ್ಟೋ ಕಡೆ ಬರೀ ನಾಲ್ಕಿಂಚು ದಪ್ಪ. ಆ ಕಡೆಯಿಂದಲೂ ಒಂದು ಸ್ವಿಚ್ ಬಾಕ್ಸ್ ಕೊರೆದು ಕೂರಿಸಿದ್ದರೆ ಮಧ್ಯದಲ್ಲಿ ಉಳಿಯುವ ಗೋಡೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ವೈರು, ಲೋಹ ಹುಡುಕುವ ಡಿಟೆಕ್ಟರ್ ಸಿಕ್ಕಿದರೆ ಒಮ್ಮೆ ಆಡಿಸಿ ನೋಡಬಹುದು. ಆದರೆ ಅದು "ಏನೂ ಇಲ್ಲ" ಅಂದಿದ್ದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಪ್ಲಾಸ್ಟಿಕ್ ನೀರಿನ ಪೈಪು ಸಾಧಾರಣ ಡಿಟೆಕ್ಟರ್‌ಗೆ ಸಿಗುವುದೇ ಇಲ್ಲ. ಡ್ರಿಲ್ ಮಾಡುವ ಮುಂಚೆ ಆ ಕೋಣೆಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಡ್ರಿಲ್‌ಗೆ ಬೇರೆ ಕೋಣೆಯಿಂದ ಕರೆಂಟ್ ಎಳೆದುಕೊಳ್ಳುವುದು ನನ್ನ ರೂಢಿ.

ಪಿಲ್ಲರಿಗೆ, ಬೀಮಿಗೆ ಕೊರೆಯುವಾಗ ಬಿಟ್ ಕಬ್ಬಿಣಕ್ಕೆ ತಗುಲಿದರೆ ಸದ್ದೇ ಬದಲಾಗುತ್ತದೆ. ಹಟ ಮಾಡಬೇಡಿ. ನಾಲ್ಕು ಸೆಂಟಿಮೀಟರ್ ಪಕ್ಕಕ್ಕೆ ಸರಿಯಿರಿ. ಆ ಕಂಬಿ ಇಡೀ ಕಟ್ಟಡದ ಆಸ್ತಿ. ನನ್ನ ಕನ್ನಡಿಗೋಸ್ಕರ ಅದನ್ನು ಕತ್ತರಿಸುವ ಹಕ್ಕು ನನಗಿಲ್ಲ.

ಸರಿ, ಕನ್ನಡಿ. ಇದರ ತೂಕ ತಿಳಿಯಲು ಒಂದು ಸುಲಭ ಲೆಕ್ಕ ಇದೆ. ಒಂದು ಚದರ ಮೀಟರ್ ಗಾಜು, ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ. ನನ್ನ ಕನ್ನಡಿ 60 ಸೆಂಟಿಮೀಟರ್ ಅಗಲ, 90 ಎತ್ತರ, 5 ಮಿಲಿಮೀಟರ್ ದಪ್ಪ. ಗಾಜೇ ಆರೂಮುಕ್ಕಾಲು ಕೆಜಿ ಆಯಿತು. ಹಿಂದಿನ ಪ್ಲೈವುಡ್, ಸುತ್ತಲಿನ ಮರದ ಪಟ್ಟಿ ಸೇರಿ ಹತ್ತರ ಹತ್ತಿರ. ಲೆಕ್ಕ ಬೇಡ ಅಂದರೆ ಕನ್ನಡಿ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ಬರಿಗೈಲಿ ನಿಂತು ಕಳೆಯಿರಿ.

ಹತ್ತು ಕೆಜಿ ಅಂದರೆ ಹೆದರಿಕೆ ಆಗುತ್ತದೆ. ಆದರೆ ಕನ್ನಡಿ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಅದರ ಭಾರವೆಲ್ಲ ನೇರ ಕೆಳಕ್ಕೆ. ಸ್ಕ್ರೂ ಮುರಿಯಬೇಕು ಅಥವಾ ಅದರ ಕೆಳಗಿನ ಗೋಡೆ ಜಜ್ಜಿಹೋಗಬೇಕು, ಆಗ ಮಾತ್ರ ಕನ್ನಡಿ ಬೀಳುವುದು. ಇಟ್ಟಿಗೆ, ಕಾಂಕ್ರೀಟಿನಲ್ಲಿ ಸರಿಯಾಗಿ ಕೂತ ಎರಡು ಪ್ಲಗ್‌ಗೆ ಇದು ದೊಡ್ಡ ವಿಷಯವೇ ಅಲ್ಲ. ನಿಜವಾದ ತಲೆನೋವು ಕನ್ನಡಿಯ ಪಕ್ಕದಲ್ಲಿರುವ ಈ ಸಾಧು ಶೆಲ್ಫ್.

ಶೆಲ್ಫ್ 30 ಸೆಂಟಿಮೀಟರ್ ಮುಂದಕ್ಕೆ ಚಾಚಿಕೊಂಡಿದೆ. ಒಂದು ಮೀಟರ್ ಉದ್ದಕ್ಕೆ ಪುಸ್ತಕ ಜೋಡಿಸಿದರೆ 20 ಕೆಜಿ ಸುಲಭವಾಗಿ ದಾಟುತ್ತದೆ. ಲೆಕ್ಕಕ್ಕೆ 20 ಅಂತಲೇ ಇಟ್ಟುಕೊಳ್ಳೋಣ. ಆ ಭಾರದ ಮಧ್ಯಬಿಂದು ಗೋಡೆಯಿಂದ 15 ಸೆಂಟಿಮೀಟರ್ ಆಚೆ. ಬ್ರಾಕೆಟ್‌ನ ಗೋಡೆಗೆ ತಾಗುವ ಕಾಲು 20 ಸೆಂಟಿಮೀಟರ್ ಉದ್ದ ಇದ್ದರೆ, 20 ಗುಣಿಸು 15, ಭಾಗಿಸು 20. ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಎಳೆಯುವ ಬಲ ಹೆಚ್ಚುಕಡಿಮೆ 15 ಕೆಜಿಯಷ್ಟು. ಪರವಾಗಿಲ್ಲ. ಈಗ ಅದೇ ಪುಸ್ತಕ, ಅದೇ ಹಲಗೆ, ಆದರೆ ಬ್ರಾಕೆಟ್ ಕಾಣಬಾರದು ಅಂತ 5 ಸೆಂಟಿಮೀಟರ್‌ನ ಗಿಡ್ಡ ಪಟ್ಟಿ ಹಾಕಿದೆವು ಅಂದುಕೊಳ್ಳಿ. 20 ಗುಣಿಸು 15, ಭಾಗಿಸು 5. ಅರವತ್ತು ಕೆಜಿ! ಗೋಡೆಗೆ ಒಂದು ಗ್ರಾಂ ಜಾಸ್ತಿ ಹಾಕಿಲ್ಲ, ಆದರೂ ಎಳೆತ ನಾಲ್ಕು ಪಟ್ಟಾಯಿತು. ಚೆಂದ ಕಾಣುವ ಆ ತೇಲುವ ಶೆಲ್ಫ್‌ಗಳು ಒಂದಷ್ಟು ದಿನಕ್ಕೆ ಮೂತಿ ಕೆಳಗೆ ಮಾಡಿಕೊಂಡು ನಿಲ್ಲುವುದು ಯಾಕೆ ಅಂತ ಈಗ ತಿಳಿಯಿತಲ್ಲ? ಅವಕ್ಕೆ ಹಗುರ ಸಾಮಾನು ಸಾಕು. ಪುಸ್ತಕಕ್ಕೆ ಉದ್ದ ಕಾಲಿನ ಬ್ರಾಕೆಟ್ಟೇ ಬೇಕು, ಉದ್ದದ ಕಾಲು ಶೆಲ್ಫ್‌ನ ಕೆಳಗೆ ಗೋಡೆಗೆ ಒತ್ತಿರಬೇಕು. ದಪ್ಪ ಪುಸ್ತಕಗಳನ್ನು ಹಿಂದಕ್ಕೆ ತಳ್ಳಿ ಇಡಿ.

ಟಿವಿಯದೂ ಇದೇ ಕಥೆ. ಇದು 15 ಕೆಜಿ. ಗೋಡೆಗೆ ಚಪ್ಪಟೆಯಾಗಿ ಕೂರುವ ಬ್ರಾಕೆಟ್ ಆದರೆ ಕನ್ನಡಿಯ ಲೆಕ್ಕ. ಹೊರಗೆಳೆದು ಬೇಕಾದ ಕಡೆ ತಿರುಗಿಸುವ ಕೈ ಇರುವ ಬ್ರಾಕೆಟ್ ಆದರೆ? ಅರ್ಧ ಮೀಟರ್ ಎಳೆದಾಗ, ಗೋಡೆಯ ತಟ್ಟೆ 20 ಸೆಂಟಿಮೀಟರ್ ಎತ್ತರದ್ದಾದರೆ, ಮೇಲಿನ ಸ್ಕ್ರೂಗಳ ಮೇಲೆ ಮೂವತ್ತೇಳೂವರೆ ಕೆಜಿ ಎಳೆತ. ಮೇಲಿಂದ ಅದನ್ನು ದಿನಾ ಆ ಕಡೆ ಈ ಕಡೆ ಅಲ್ಲಾಡಿಸುತ್ತೇವೆ ಬೇರೆ. ಕಾಂಕ್ರೀಟಿನಲ್ಲಿ ಹಾಕಿ. ಎಎಸಿ, ಹಾಲೋ ಬ್ಲಾಕ್ ಆದರೆ ನಾನು ಚಪ್ಪಟೆ ಬ್ರಾಕೆಟ್‌ಗೇ ಓಟು ಹಾಕುತ್ತೇನೆ. ಕೈ ಇರುವ ಬ್ರಾಕೆಟ್ಟೇ ಬೇಕು ಅಂದರೆ ಕೆಮಿಕಲ್ ಆಂಕರ್ (ತೂತಿಗೆ ಗಟ್ಟಿಯಾಗುವ ಅಂಟು ತುಂಬಿ ಕೂರಿಸುವ ಬೋಲ್ಟ್) ಹಾಕುವುದು ಗೊತ್ತಿರುವವರನ್ನು ಕರೆಸಿ.

ಈಗ ಪ್ಲಗ್ ಕೂರಿಸೋಣ. ಹಿಂದೆ ಗೋಡೆ ಕೊರೆದು, ಮರದ ಗೂಟ ಬಡಿದು, ಅದಕ್ಕೆ ಸ್ಕ್ರೂ ಹಾಕುತ್ತಿದ್ದರು. 1911ರ ಸುಮಾರಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗೋಡೆ ಹಾಳಾಗದಂತೆ ವಿದ್ಯುತ್ ಸಾಮಾನು ಕೂರಿಸಬೇಕಾಗಿ ಬಂದಾಗ ಜಾನ್ ಜೋಸೆಫ್ ರಾಲಿಂಗ್ಸ್ ಎಂಬ ಗುತ್ತಿಗೆದಾರ ನಾರಿನ ಪ್ಲಗ್ ಮಾಡಿದ. ರಾಲ್ ಪ್ಲಗ್ ಅನ್ನುವ ಹೆಸರು ಅವನಿಂದಲೇ ಬಂದಿದ್ದು. 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ನೈಲಾನ್‌ನಲ್ಲಿ ಮಾಡಿದ. ಇವತ್ತು ನಾವು ಬಳಸುವ, ಮಧ್ಯದಲ್ಲಿ ಸೀಳಿದ, ಪಕ್ಕದಲ್ಲಿ ಹಲ್ಲು ಹಲ್ಲು ಇರುವ ಪ್ಲಗ್ ಅದೇ ವಂಶದ್ದು. ಸ್ಕ್ರೂ ಒಳಗೆ ಹೋದಂತೆ ಪ್ಲಗ್ ಅಗಲವಾಗಿ ತೂತಿನ ಗೋಡೆಯನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ನಮ್ಮ ಭಾರ ಹೊರುವುದು. ಹಾಗಾಗಿ ತೂತು ಅಳತೆಗೆ ಸರಿಯಾಗಿರಬೇಕು, ಒಳಗೆ ಪುಡಿ ಇರಬಾರದು, ಸ್ಕ್ರೂ ಪ್ಲಗ್‌ನ ತುದಿ ದಾಟಬೇಕು. ಬಾಕಿಯೆಲ್ಲ ಈ ಮೂರರಿಂದಲೇ ಬರುತ್ತದೆ.

8 ಮಿಲಿಮೀಟರ್ ಪ್ಲಗ್‌ಗೆ 8ರದೇ ಬಿಟ್. ಪ್ಲಗ್ 40 ಮಿಲಿಮೀಟರ್ ಉದ್ದ ಇದೆ, ಹಾಗಾದರೆ ತೂತು 50 ಆಳ. ಬಿಟ್ ಮೇಲೆ 50ಕ್ಕೆ ಬಣ್ಣದ ಟೇಪ್ ಸುತ್ತಿದ್ದೇನೆ, ನೋಡಿ. ಪ್ಲಗ್ 40, ಬ್ರಾಕೆಟ್ ತಗಡು 3, ತುದಿ ದಾಟಲು ಇನ್ನೈದು ಆರು, ಒಟ್ಟು 50ರ ಸ್ಕ್ರೂ, 5 ಮಿಲಿಮೀಟರ್ ದಪ್ಪದ್ದು. ಪ್ಲಾಸ್ಟರ್ ದಪ್ಪ ಇದ್ದರೆ ಇನ್ನೂ ಉದ್ದದ ಪ್ಲಗ್ ತೆಗೆದುಕೊಳ್ಳಿ. ಪ್ಲಗ್ ಅಗಲವಾಗುವ ಭಾಗ ಪ್ಲಾಸ್ಟರಿನಲ್ಲೇ ಉಳಿದರೆ ಏನೂ ಹಿಡಿಯುವುದಿಲ್ಲ. ನೀವು ಟಿವಿಯನ್ನು ಪ್ಲಾಸ್ಟರಿಗೆ ಹಾಕಿದ ಹಾಗೆ.

ಕನ್ನಡಕ, ಮಾಸ್ಕ್ ಹಾಕಿಕೊಂಡೇ ಮುಂದಿನದು. ಕಾಂಕ್ರೀಟ್ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ನನ್ನ ತಮ್ಮ ಡ್ರಿಲ್‌ನ ಕೆಳಗೇ ವ್ಯಾಕ್ಯೂಮ್ ಹಿಡಿದಿದ್ದಾನೆ. ವ್ಯಾಕ್ಯೂಮ್ ಇಲ್ಲದಿದ್ದರೆ ಒಂದು ಕಾಗದ ಮಡಚಿ ತೂತಿನ ಕೆಳಗೆ ಟೇಪ್ ಹಚ್ಚಿ, ಪುಡಿಯೆಲ್ಲ ಅದರಲ್ಲೇ ಬೀಳುತ್ತದೆ. ಅಂದ ಹಾಗೆ, ಈ ಸದ್ದು ಕಾಂಕ್ರೀಟ್ ಹಿಡಿದು ಮೇಲಿನ ಮನೆ, ಕೆಳಗಿನ ಮನೆ ಎಲ್ಲಕ್ಕೂ ಹೋಗುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ಒಂದು ಮಾತು ಹೇಳಿಬಿಡಿ.

ಈಗ ತೂತಿನ ಪುಡಿ ತೆಗೆಯಬೇಕು. ಊದಿ, ಬ್ರಶ್ ಆಡಿಸಿ, ಮತ್ತೆ ಊದಿ. ಬಾಯಿಂದ ಬೇಡ, ಪಂಪಿನಿಂದ. ತಮ್ಮನಿಗೆ ಇದು ಅತಿ ಅನ್ನಿಸುತ್ತಿದೆ. "ಅಕ್ಕಾ, ಸಾಕು ಬಿಡು, ಹೋಗಿ ಕೂತ್ಕೊಳ್ಳುತ್ತೆ." ಕೂತುಕೊಳ್ಳುತ್ತೆ ಕಣೋ, ಆದರೆ ಪುಡಿಯ ಮೇಲೆ ಕೂತ ಪ್ಲಗ್ ಪುಡಿಯನ್ನೇ ಹಿಡಿದುಕೊಳ್ಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪ್ಲಗ್ ಒಳಗೆ ಹೋಗಬೇಕು. ಬೆರಳಲ್ಲಿ ತಳ್ಳಿದರೇ ಜಾರಿಹೋದರೆ ತೂತು ದೊಡ್ಡದಾಗಿದೆ. ಸ್ಕ್ರೂ ಜೊತೆ ಪ್ಲಗ್ ಕೂಡ ತಿರುಗಿದರೂ ಅಷ್ಟೇ. ಆಗ ಬೆಂಕಿಕಡ್ಡಿ ತುರುಕುವ ಉಪಾಯ ಎಲ್ಲರಿಗೂ ಗೊತ್ತು. ಸಣ್ಣ ಫೋಟೊಗೆ ಓಕೆ. ಶೆಲ್ಫ್‌ಗೆ, ಟಿವಿಗೆ ಬೇಡವೇ ಬೇಡ. ಒಂದು ಸೈಜ್ ದೊಡ್ಡ ಪ್ಲಗ್‌ಗೆ ತೂತು ಮಾಡಿ, ಇಲ್ಲವೇ ಜಾಗ ಬದಲಿಸಿ.

ಬಾತ್‌ರೂಮ್ ಟೈಲ್ಸ್‌ಗೆ ಮಾತ್ರ ಎರಡು ಮಾತು ಸೇರಿಸುತ್ತೇನೆ. ಟೈಲ್ ದಾಟುವವರೆಗೆ ಹ್ಯಾಮರ್ ಹಾಕಬೇಡಿ, ಬಿಟ್ ಜಾರದಂತೆ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಪ್ಲಗ್‌ನ ಬಾಯಿ ಟೈಲ್‌ಗಿಂತ ಒಳಗೆ ಇರಬೇಕು. ಟೈಲ್‌ನ ಒಳಗೇ ಪ್ಲಗ್ ಅಗಲವಾದರೆ ಟೈಲ್ ಬಿರುಕು ಬಿಡುತ್ತದೆ.

ಡಬ್ ಡಬ್ ಅನ್ನುವ ಬೆಡ್‌ರೂಮ್ ಗೋಡೆಗೆ ಬರೋಣ. ಜಿಪ್ಸಮ್ ಬೋರ್ಡ್ ಸಾಮಾನ್ಯವಾಗಿ ಹನ್ನೆರಡೂವರೆ ಮಿಲಿಮೀಟರ್ ದಪ್ಪ, ಅಷ್ಟೇ. ಅದರ ಹಿಂದೆ 40 ಅಥವಾ 60 ಸೆಂಟಿಮೀಟರ್‌ಗೊಂದರಂತೆ ನಿಂತಿರುವ ಲೋಹದ ಅಥವಾ ಮರದ ಕಂಬಿಗಳೇ ಗೋಡೆಯ ಎಲುಬು. ಅವನ್ನು ಹುಡುಕಲು ನಾನು ಬಳಸುವುದು ಒಂದು ಗಟ್ಟಿ ಅಯಸ್ಕಾಂತ. ಬೋರ್ಡನ್ನು ಕಂಬಿಗೆ ಬಿಗಿದ ಸ್ಕ್ರೂಗಳು ಬಣ್ಣದ ಅಡಿಯಲ್ಲಿರುತ್ತವೆ, ಅಯಸ್ಕಾಂತ ಅವಕ್ಕೆ ಕಚ್ಚಿಕೊಳ್ಳುತ್ತದೆ. ಒಂದರ ಮೇಲೊಂದು ನೇರ ಸಾಲಿನಲ್ಲಿ ಎರಡು ಮೂರು ಸಿಕ್ಕರೆ ಅಲ್ಲಿ ಕಂಬಿ ಇದೆ. ಭಾರದ ಸಾಮಾನು ಏನಿದ್ದರೂ ಅಲ್ಲಿಗೇ. ಎರಡು ಕಂಬಿಯ ನಡುವೆಯೇ ಹಾಕಬೇಕು ಅಂದರೆ ಟಾಗಲ್ ಬೋಲ್ಟ್ ಬಳಸಿ. ಬೋರ್ಡ್ ಹಿಂದೆ ಅದರ ರೆಕ್ಕೆ ಬಿಚ್ಚಿಕೊಂಡು ಭಾರವನ್ನು ಹಂಚುತ್ತದೆ. ಹಾಲೋ ಬ್ಲಾಕ್‌ಗೂ ಇದೇ ಜಾತಿಯದು ಆಗುತ್ತದೆ. ಪ್ಯಾಕೆಟ್ ಮೇಲೆ ದೊಡ್ಡ ಸಂಖ್ಯೆ ಬರೆದಿರುತ್ತಾರೆ. ಅದು ಹೊಸ, ಒಣ, ಗಟ್ಟಿ ಬೋರ್ಡಿನಲ್ಲಿ ಸಿಕ್ಕ ಲೆಕ್ಕ ಇರಬಹುದು. ನಾನು ಅದರ ಕಾಲುಭಾಗವನ್ನೇ ನಂಬುವುದು. ನೀರು ಕುಡಿದ ಬೋರ್ಡ್ ಆದರೆ ಸೊನ್ನೆ.

ಫ್ರೇಮುಗಳು ಸುಲಭ. ಒಂದೇ ಎಚ್ಚರ, ಹಿಂದಿನ ತಂತಿಯನ್ನು ತುಂಬಾ ಬಿಗಿಯಾಗಿ ಕಟ್ಟಬೇಡಿ. ತಂತಿ ಅಡ್ಡಗೆರೆಯಿಂದ 30 ಡಿಗ್ರಿ ಮೇಲಕ್ಕೆ ಏರಿದ್ದರೆ ಪ್ರತಿ ಬದಿಯ ಎಳೆತ ಫ್ರೇಮಿನ ತೂಕದಷ್ಟೇ. ಬರೀ 10 ಡಿಗ್ರಿ ಇದ್ದರೆ ಹತ್ತಿರ ಹತ್ತಿರ ಮೂರು ಪಟ್ಟು. ಫ್ರೇಮಿನ ಪಕ್ಕದ ಸಣ್ಣ ಸ್ಕ್ರೂಗಳು ಕೀಳುವುದು ಹೀಗೆ. ದೊಡ್ಡ ಫ್ರೇಮಿಗೆ ನಾನು ತಂತಿಯೇ ಹಾಕುವುದಿಲ್ಲ. ಎರಡು ಕಡೆ ಡಿ ರಿಂಗ್ (D ಆಕಾರದ ಲೋಹದ ಬಳೆ), ಗೋಡೆಯಲ್ಲಿ ಎರಡು ಹುಕ್, ರಸಮಟ್ಟ ಇಟ್ಟು ಗುರುತು. ಆಮೇಲೆ ವಾರೆಯಾಗುವ ರಗಳೆಯೂ ಇಲ್ಲ.

ಎತ್ತರ ಎಷ್ಟು? ಗ್ಯಾಲರಿಗಳಲ್ಲಿ ಚಿತ್ರದ ಮಧ್ಯಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಇಡುತ್ತಾರೆ. ಈ ಫ್ರೇಮ್ 60 ಎತ್ತರ, ರಿಂಗ್ ಮೇಲಂಚಿನಿಂದ 8 ಕೆಳಗೆ. 145ಕ್ಕೆ 30 ಸೇರಿಸಿ 8 ಕಳೆದರೆ 167. ಹುಕ್ ಅಲ್ಲಿ. ಮಂಚದ ತಲೆಯ ಮೇಲೆ ಗಾಜಿನ ಫ್ರೇಮ್ ಮಾತ್ರ ನಾನು ಹಾಕುವುದಿಲ್ಲ. ಅಕ್ರಿಲಿಕ್ ಹಾಳೆ ಹಾಕಿಸಿದ ಹಗುರ ಫ್ರೇಮ್ ಆದರೆ ಸರಿ.

ತೂತೇ ಹಾಕುವಂತಿಲ್ಲ ಅನ್ನುವವರಿಗೆ ಅಂಟಿನ ಪಟ್ಟಿ ಇದೆ. ನಯವಾದ ಬಣ್ಣದ ಗೋಡೆಗೆ ಮಾತ್ರ. ಗೋಡೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅರ್ಧ ನಿಮಿಷ ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಸಾಮಾನು ಹಾಕಿ. ಸುಣ್ಣ ಬಳಿದ, ಪುಡಿ ಉದುರುವ ಗೋಡೆಗೆ ಹಚ್ಚಿದರೆ ಅಂಟು ಗಟ್ಟಿಯಾಗಿಯೇ ಇರುತ್ತದೆ, ಬಣ್ಣದ ಪದರವೇ ಕಳಚಿಕೊಂಡು ಬರುತ್ತದೆ. ತೆಗೆಯುವಾಗ ಬಾಲ ಹಿಡಿದು ಗೋಡೆಗುಂಟ ಕೆಳಕ್ಕೆ ನಿಧಾನ ಎಳೆಯಿರಿ, ನಿಮ್ಮ ಕಡೆಗೆ ಎಳೆಯಬೇಡಿ.

ಸೀಲಿಂಗ್‌ಗೆ ಉಯ್ಯಾಲೆ ಕುರ್ಚಿ ಹಾಕುವುದು ಹೇಗೆ ಅಂತ ಕೇಳುವವರು ಇದ್ದೇ ಇರುತ್ತೀರಿ. ನಾನು ಹಾಕುವುದಿಲ್ಲ. ಅಲ್ಲಿ ಭಾರವೆಲ್ಲ ಸ್ಕ್ರೂ ಕೀಳುವ ದಿಕ್ಕಿನಲ್ಲೇ ಇರುತ್ತದೆ, ತೂಗಿದಂತೆಲ್ಲ ಎಳೆತ ಇನ್ನೂ ಏರುತ್ತದೆ. ಕೆಲವು ಕಟ್ಟಡಗಳ ಸ್ಲ್ಯಾಬ್ ಒಳಗೆ ಬಿಗಿದು ಎಳೆದ ಉಕ್ಕಿನ ಕೇಬಲ್ ಇರುತ್ತದೆ, ಅದಕ್ಕೆ ಡ್ರಿಲ್ ತಗುಲಿದರೆ ಅನಾಹುತ. ಎಂಜಿನಿಯರ್‌ನ ಕೇಳದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಬೀರು. ಇದು ನೆಲದ ಮೇಲೇ ನಿಂತಿದೆ, ಆದರೂ ಮೇಲ್ಭಾಗಕ್ಕೆ ಎರಡು ಪಟ್ಟಿ ಹಾಕಿ ಗೋಡೆಗೆ ಬಿಗಿಯುತ್ತಿದ್ದೇನೆ. ಮಗು ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ಹತ್ತಿ ನಿಂತರೆ ಬೀರುವಿನ ಭಾರವೇ ಮುಂದಕ್ಕೆ ವಾಲುತ್ತದೆ. ಇಡೀ ಮನೆಯಲ್ಲಿ ಒಂದೇ ಒಂದು ಕಡೆ ಪ್ಲಗ್ ಹಾಕಲು ಸಮಯ ಇದೆ ಅಂದರೆ ಇಲ್ಲಿಗೇ ಹಾಕಿ. ಕನ್ನಡಿ ನಾಳೆಯೂ ಆದೀತು.

ಬಾಡಿಗೆ ಮನೆಯಾದರೆ ಡ್ರಿಲ್ ಎತ್ತುವ ಮೊದಲು ಮಾಲೀಕರ ಒಪ್ಪಿಗೆ ಪಡೆಯಿರಿ. ಬಿಡುವಾಗ ಪ್ಲಗ್ ಕೀಳುವ ವಿಧಾನ ಹೀಗಿದೆ. ಸ್ಕ್ರೂವನ್ನು ನಾಲ್ಕು ಸುತ್ತು ಮಾತ್ರ ಒಳಗೆ ಬಿಟ್ಟು, ಅದರ ತಲೆಯನ್ನು ಇಕ್ಕಳದಿಂದ ಹಿಡಿದು ನೇರ ಎಳೆಯಿರಿ, ಎರಡೂ ಒಟ್ಟಿಗೆ ಬರುತ್ತವೆ. ಬರದೇ ಇದ್ದರೆ ಗೋಡೆ ಒಡೆಯಬೇಡಿ, ಪ್ಲಗ್ಗನ್ನು ಒಳಕ್ಕೆ ತಳ್ಳಿಬಿಡಿ. ತೂತಿಗೆ ಪುಟ್ಟಿ ಎರಡು ಸಲ ತುಂಬಿ. ಮೊದಲ ಸಲದ್ದು ಒಣಗಿದಾಗ ಸ್ವಲ್ಪ ಕುಗ್ಗುತ್ತದೆ. ಮರಳು ಕಾಗದದಿಂದ ಉಜ್ಜಿ, ಪ್ರೈಮರ್ ಮುಟ್ಟಿಸಿ, ಬಣ್ಣ. ಗೋಡೆಯ ಬಣ್ಣದ ಶೇಡ್ ನಂಬರ್ ಡಬ್ಬಿಯ ಮೇಲೆ ಇರುತ್ತದೆ. ಮನೆಗೆ ಬಂದ ವಾರವೇ ಅದನ್ನು ಕೇಳಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಬಿಡುವ ಹೊತ್ತಿಗೆ ಆ ಡಬ್ಬಿ ಯಾರ ಹತ್ತಿರವೂ ಇರುವುದಿಲ್ಲ.